ಕೆಂಪೇರಿದ ಮುಖ

"ಅಮ್ಮನ ಜೀವ ತೆಗೆದಿದ್ದು ಆ ನರ್ಸೇ. ನೀವೊಂದು ಸಲ ಬಂದು ನೋಡಿ, ಡಾಕ್ಟರಮ್ಮ."

ಹೀಗೆ ಹೇಳುತ್ತ ನಮ್ಮ ಬಾಗಿಲಿಗೆ ಬಂದವಳು ಹಾಡಿನ ಟೀಚರಮ್ಮನ ಮಗಳು. ನನ್ನ ಅತ್ತಿಗೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಡಾಕ್ಟರಾಗಿದ್ದವರು. ನಿವೃತ್ತರಾದ ಮೇಲೂ ಬಿಡಿಸಲಾಗದ ಗಂಟುಗಳನ್ನು ಜನ ಅವರ ಬಳಿಗೇ ತರುತ್ತಿದ್ದರು. ಬ್ಯಾಗು ಹಿಡಿದು ಹಿಂದೆ ಹೋಗುವ ಕೆಲಸ ನನ್ನದು.

ಮಗಳು ಹೇಳಿದ್ದಿಷ್ಟು. ಟೀಚರಮ್ಮನಿಗೆ ಕ್ಯಾನ್ಸರ್. ಚಿಕಿತ್ಸೆಯ ಹೊಡೆತಕ್ಕೆ ರಕ್ತ ಕುಸಿದು ಮಂಚದಿಂದ ಏಳಲೂ ಆಗದಿದ್ದಾಗ, ರಕ್ತ ಹೆಚ್ಚಿಸುವ ಹಾರ್ಮೋನ್ ಇಂಜೆಕ್ಷನ್ ಶುರುವಾಯಿತು. ನರ್ಸ್ ಮನೆಗೇ ಬಂದು ತೋಳಿಗೆ ಚುಚ್ಚುತ್ತಿದ್ದಳು. ತುಸು ಚೇತರಿಸಿಕೊಂಡ ಮೇಲೆ ಡಾಕ್ಟರು ಅದನ್ನು ನಿಲ್ಲಿಸಿದರು. ಆಮೇಲೂ ಟೀಚರಮ್ಮನ ಮುಖ ದಿನೇ ದಿನೇ ಕೆಂಪೇರಿತು. ತಲೆನೋವು ಅನ್ನುತ್ತಲೇ ಮತ್ತೆ ಹಾಡತೊಡಗಿದರು; ಮನೆಯವರಿಗೆ ಹಿಗ್ಗೋ ಹಿಗ್ಗು. ಒಂದು ಬೆಳಿಗ್ಗೆ ಉಸಿರು ಸಿಗದೆ ಕುಸಿದುಬಿದ್ದರು. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಇಂಜೆಕ್ಷನ್ನಿಂದ ಹೀಗಾಗಬಹುದೆಂದು ಯಾರೋ ಅಂದಿದ್ದೇ ತಡ, ಬೀದಿಯವರೆಲ್ಲ ನರ್ಸ್ ಮೇಲೆ ಮುಗಿಬಿದ್ದಿದ್ದರು.

ಅತ್ತಿಗೆ ಮೊದಲು ಆಸ್ಪತ್ರೆಗೆ ಹೋದರು. ಟೀಚರಮ್ಮನ ರಕ್ತ ಆರೋಗ್ಯವಂತರದ್ದಕ್ಕಿಂತಲೂ ಮಂದವಾಗಿತ್ತೆಂದೂ, ಹೊಟ್ಟೆಯ ಮೇಲೆ ಹೊಸ ಸೂಜಿಗುರುತುಗಳಿದ್ದವೆಂದೂ ತಿಳಿಯಿತು. ಆಮೇಲೆ ಮನೆ. ಅಲ್ಲಿ ಟೀಚರಮ್ಮನ ತಮ್ಮ, ಸೈಕಲ್ ರೇಸಿನ ತರಬೇತುದಾರ, ಮಂಕಾಗಿ ಕೂತಿದ್ದ. ಅಕ್ಕನನ್ನು ನೋಡಲು ಬರುವಾಗ ವಾರವಾರವೂ ಐಸ್ ಡಬ್ಬಿಯಲ್ಲಿ ಹಣ್ಣಿನ ರಸ ತರುತ್ತಿದ್ದನಂತೆ. ಆ ರಸ ಕುಡಿದದ್ದನ್ನು ಯಾರೂ ನೋಡಿರಲಿಲ್ಲ.

ಮರುದಿನ ಸಂಜೆ ಅತ್ತಿಗೆ ಎಲ್ಲರನ್ನೂ ಅದೇ ಮನೆಯ ಹಜಾರದಲ್ಲಿ ಸೇರಿಸಿದರು. ನರ್ಸ್ ಬಾಗಿಲ ಬಳಿಯೇ ನಿಂತಿದ್ದಳು.

"ಈ ಔಷಧಿ ವಿಷವಲ್ಲ," ಎಂದರು ಅತ್ತಿಗೆ. "ರಕ್ತ ತೀರಾ ಕಮ್ಮಿಯಾದವರಿಗೆ ಅಳತೆಯಲ್ಲಿ ಕೊಟ್ಟರೆ ಆಸರೆ. ಸಾಕಾದ ಮೇಲೂ ಕೊಟ್ಟರೆ ರಕ್ತ ಮಂದವಾಗಿ ಹೆಪ್ಪುಗಟ್ಟುತ್ತೆ. ಕ್ಯಾನ್ಸರ್ ಇದ್ದವರಿಗೆ ಆ ಅಪಾಯ ಮೊದಲೇ ಜಾಸ್ತಿ. ಅದಕ್ಕೇ ಡಾಕ್ಟರು ನಿಲ್ಲಿಸಿದ್ದು."

ನಿಲ್ಲಿಸಿದ ಮೇಲೂ ರಕ್ತ ಏರಿತೆಂದರೆ ಯಾರೋ ಗುಟ್ಟಾಗಿ ಕೊಟ್ಟಿದ್ದಾರೆ ಎಂದು ಅವರು ವಿವರಿಸಿದರು. ನರ್ಸ್ ಚುಚ್ಚುತ್ತಿದ್ದುದು ತೋಳಿಗೆ, ಹೊಸ ಗುರುತು ಹೊಟ್ಟೆಯ ಮೇಲೆ. ಟೀಚರಮ್ಮ ಸುಮ್ಮನೆ ಚುಚ್ಚಿಸಿಕೊಂಡಿದ್ದಾರೆ, ಅಂದರೆ ಕೊಟ್ಟವರು ಅವರ ನಂಬಿಕೆಯವರು. ಈ ಔಷಧಿಯನ್ನು ತಣ್ಣಗಿಡಬೇಕು. ಉಸಿರಿನ ಬಲ ಹೆಚ್ಚಲೆಂದು ಸೈಕಲ್ ರೇಸಿನವರಲ್ಲಿ ಕೆಲವರು ಕದ್ದು ತೆಗೆದುಕೊಳ್ಳುವುದೂ ಇದನ್ನೇ.

ಟೀಚರಮ್ಮನ ತಮ್ಮ ತಲೆಯೆತ್ತಲಿಲ್ಲ.

"ಅಕ್ಕಾನೇ ಕೇಳಿದಳು," ಎಂದ. "ಇನ್ನೊಂದು ಸಲ ಮಕ್ಕಳ ಮುಂದೆ ಕೂತು ಹಾಡಬೇಕು ಕಣೋ ಅಂದಳು. ಮುಖಕ್ಕೆ ಬಣ್ಣ ಬಂತಲ್ಲ, ಉಳಿಸಿಕೊಂಡೆ ಅಂದ್ಕೊಂಡೆ."

ಮಗಳು ಎದ್ದು ನರ್ಸ್ ಹತ್ತಿರ ಹೋಗಿ ಕೈಮುಗಿದಳು. ನರ್ಸ್ ಕ್ಷಮಿಸಿದೆ ಅನ್ನಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಹೊರಟುಹೋದಳು.

ಪೊಲೀಸ್ ಠಾಣೆಗೆ ತಾನೇ ಹೋಗುತ್ತೇನೆಂದು ತಮ್ಮ ಎದ್ದ. "ತಾಳು ಮಾವ, ನಾನೂ ಬರ್ತೀನಿ," ಎಂದಳು ಮಗಳು.

ಅತ್ತಿಗೆಯೂ ನಾನೂ ಕಿಟಕಿಯಿಂದ ನೋಡುತ್ತಿದ್ದೆವು. ಅವಳು ಅವನ ಕೈ ಹಿಡಿಯಲಿಲ್ಲ. ಆದರೆ ಅವನು ಹಿಂದುಳಿದಾಗಲೆಲ್ಲ ನಿಂತು ಕಾದಳು.