ಪಾದ ಕಂಡವನ ಸಾಕ್ಷಿ

ಕಾಲು ಮಡಚಿ ಹತ್ತಿರ ಕೂತುಕೊಳ್ಳಿ ಮಕ್ಕಳೇ, ಇದು ಜೋರಾಗಿ ಹೇಳುವ ಕತೆಯಲ್ಲ.

ಕಲ್ಕಣಿಯೆಂಬ ರಾಜಧಾನಿ. ಸುತ್ತಲಿನ ಅಗಳಿನಲ್ಲಿ ಪಟ್ಟದಾನೆ ಮೀಯುತ್ತಿದ್ದರೆ ಕೋಟೆಗೋಡೆಯ ಮೇಲೆಲ್ಲ ನೀರಿನ ಬೆಳಕು ಕುಣಿಯುತ್ತಿತ್ತು. ಅಂಗಡಿಬೀದಿ ಎಳೆ ವೀಳ್ಯದೆಲೆ, ಕರ್ಪೂರಗಳಿಂದ ಘಮಘಮಿಸುತ್ತಿತ್ತು. ಅಲ್ಲಿನ ಅರಸು ಜಗದೇವರಾಯನಿಗೆ ವೀಳ್ಯ ಮಡಿಸಿಕೊಡುವ ಹಡಪಿಗ ಸಾಂತಯ್ಯ. ಹಡಪಿಗನಾದವನು ದೊರೆಯ ಮುಖವನ್ನು ಕಣ್ಣೆತ್ತಿ ನೋಡಬಾರದೆಂಬುದು ಅರಮನೆಯ ಕಟ್ಟಳೆ. ಮೂವತ್ತು ವರ್ಷ ನೆಲ ನೋಡಿ ನೋಡಿ ಅವನ ಕತ್ತೇ ಬಾಗಿಹೋಗಿತ್ತು. ಬೇರೆಯವರು ಜನರನ್ನು ಮುಖದಿಂದ ಗುರುತಿಸಿದರೆ ಇವನು ಪಾದದಿಂದ ಗುರುತಿಸುತ್ತಿದ್ದ.

ಒಂದು ಮುಂಜಾನೆ ಎಲೆಯಡಿಕೆಯ ಹಡಪವಿಡುವ ಕೋಣೆಯ ತೆರೆಯ ಕೆಳಗೆ ಎರಡು ಪಾದ ಕಂಡವು. ಎಡಗಾಲಿನ ಕಿರುಬೆರಳಿಗೆ ಉಗುರಿಲ್ಲ. ಮಂತ್ರಿ ಮಾಚಿರಾಜನವು! ಅವು ಸರಿದುಹೋದ ಮೇಲೆ ನೋಡಿದರೆ ಸುಣ್ಣದ ಕರಡಿಗೆಯಲ್ಲಿ ಏನೋ ಕಮಟು ವಾಸನೆ. ಚೆಲ್ಲಿ ಸುಮ್ಮನಿರಬಹುದಿತ್ತು; ಆದರೆ ಇಂದು ಸುಣ್ಣಕ್ಕೆ ಬಿದ್ದದ್ದು ನಾಳೆ ಹಾಲಿಗೆ ಬೀಳದೇ? ಕರಡಿಗೆ ಹಿಡಿದು ದೊರೆಯ ಓಲಗಕ್ಕೇ ಓಡಿದ.

“ಒಡೆಯಾ, ಸುಣ್ಣಕ್ಕೆ ವಿಷ ಬಿದ್ದಿದೆ. ಹಾಕಿದವರು ಮಂತ್ರಿಗಳು.”

“ಮುಖ ಕಂಡೆಯಾ?”

“ಇಲ್ಲ ಒಡೆಯಾ. ಪಾದ ಕಂಡೆ.”

ಸಭೆಯೆಲ್ಲ ಗೊಳ್ಳೆಂದಿತು. “ನನ್ನ ಪಾದಕ್ಕೆ ಇಂಥ ಭಕ್ತನೊಬ್ಬನಿದ್ದಾನೆಂದು ತಿಳಿದಿರಲಿಲ್ಲ!” ಎಂದ ಮಾಚಿರಾಜ.

“ತಲೆಯೆತ್ತಿ, ನನ್ನ ಕಣ್ಣು ನೋಡಿ ಹೇಳು,” ಎಂದ ಅರಸ.

ಸಾಂತಯ್ಯ ಎಷ್ಟು ಹೆಣಗಿದರೂ ದೃಷ್ಟಿ ದೊರೆಯ ಮೊಣಕಾಲು ದಾಟಲಿಲ್ಲ. ಮಾಚಿರಾಜನೋ ಕಂಬದಂತೆ ನಿಂತು, ದೊರೆಯ ಕಣ್ಣಲ್ಲಿ ಕಣ್ಣಿಟ್ಟು, ಎರಡು ಹನಿ ಉದುರಿಸಿ, “ಪ್ರಭುಗಳಿಗೆ ಈ ಮುಖದಲ್ಲಿ ದ್ರೋಹ ಕಾಣುತ್ತಿದೆಯೇ?” ಎಂದ.

“ಅವರ ಎಡಗಾಲು ನೋಡಿ ಒಡೆಯಾ. ಕಿರುಬೆರಳಿಗೆ ಉಗುರಿಲ್ಲ. ಒಂದೇ ಒಂದು ಸಲ ನೋಡಿ.”

“ಮುಖ ನೋಡಿ ನ್ಯಾಯ ಹೇಳುವ ವಂಶ ನಮ್ಮದು. ಕಾಲು ನೋಡಿಯಲ್ಲ!”

ಪಾಪ ಸಾಂತಯ್ಯ, ವಿಷವಿರುವುದಾದರೂ ದಿಟವಾಗಲಿ ಎಂದು, ಎಲೆಗೆ ಆ ಸುಣ್ಣವನ್ನೇ ಬಳಿದು ಬಾಯಿಗಿಟ್ಟುಕೊಂಡ. ಅಂಗಾತ ಬಿದ್ದಾಗ ಮೊದಲ ಸಲ ದೊರೆಯ ಮುಖ ಕಂಡಿತು.

“ಕಿವಿಯ ಹತ್ತಿರ ನರೆ ಬಂದಿದೆಯಲ್ಲ, ಒಡೆಯಾ,” ಎಂದ. ಅಷ್ಟೇ.

“ಸಿಕ್ಕಿಬಿದ್ದ ಪಾಪಿ, ತಾನು ಬೆರೆಸಿದ್ದನ್ನು ತಾನೇ ನುಂಗಿದ,” ಎಂದ ಮಾಚಿರಾಜ, ದೊರೆಯನ್ನೇ ದಿಟ್ಟಿಸುತ್ತ. ದೊರೆ ನಂಬಿದ.

ಹೊಸ ಭತ್ತ ಕಣಕ್ಕೆ ಬರುವ ಮೊದಲೇ ದೊರೆ ತೀರಿಹೋದ. ಹಳೆಯ ಕಟ್ಟಳೆ ಬದಿಗಿಟ್ಟು, ಕಣ್ಣಲ್ಲಿ ಕಣ್ಣಿಟ್ಟು ನಗುವ ಹೊಸ ಹಡಪಿಗನನ್ನು ಮಾಚಿರಾಜನೇ ಆರಿಸಿ ಕೊಟ್ಟಿದ್ದ. ಮಾಚಿರಾಜ ಹದಿನೇಳು ವರ್ಷ ಆಳಿ, ಮುಪ್ಪಾಗಿ, ಮೆತ್ತನೆ ಹಾಸಿಗೆಯಲ್ಲಿ ನಿದ್ದೆಯಲ್ಲೇ ಸತ್ತ. ಸಾಂತಯ್ಯನ ಹೆಂಡತಿ ನಾಗವ್ವನನ್ನು ದ್ರೋಹಿಯ ಹೆಂಡತಿಯೆಂದು ಕೋಟೆಯಾಚೆ ಅಟ್ಟಿದ್ದರು. ಅವಳು ದಾರಿಬದಿಯಲ್ಲಿ ಸುಣ್ಣ ಮಾರಿ ಬದುಕಿದಳು. ಮಾಚಿರಾಜನ ಹೆಣದ ಮೆರವಣಿಗೆ ಆ ದಾರಿಯಲ್ಲೇ ಬಂತು. ಮುಖ ನೋಡಲು ಜನ ಮುಗಿಬಿದ್ದರು. ಓಲಗದಲ್ಲಿ ಗಂಡ ಆಡಿದ್ದ ಮಾತನ್ನು ಅವರಿವರಿಂದ ಕೇಳಿದ್ದ ನಾಗವ್ವ ಕಾಲಿನ ಕಡೆ ಹೋಗಿ ನಿಂತಳು.

ಕಿರುಬೆರಳಿಗೆ ಉಗುರಿರಲಿಲ್ಲ.

ಯಾರಿಗೆ ಹೇಳಬೇಕು? ತಿರುಗಿ ಬಂದು ಸುಣ್ಣದ ಮಡಕೆಯ ಮುಂದೆ ಕೂತಳು.