ನವಿಲಿನ ಮನೆ ಡಾಟ್ ಕಾಮ್

"ನಮ್ಮ ಫೋಟೋ ಯಾರಿಗೆ ಮಾರಿದ್ರಿ?"

ನವಲಗುಂದ ಬಸ್ ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಅಂಗಡಿಗೆ ಬಿರುಗಾಳಿಯಂತೆ ನುಗ್ಗಿದ ರೂಬಿನಾ ಮೊಬೈಲನ್ನು ಕೌಂಟರಿನ ಮೇಲೆ ಬಡಿದಳು. ಪಹಣಿ ತೆಗೆಸಲು ನಿಂತಿದ್ದ ಹೊಳಬಸಪ್ಪ ಕಾಕಾ ಎರಡು ಹೆಜ್ಜೆ ಹಿಂದೆ ಸರಿದರು.

ಕಂಪ್ಯೂಟರಿನಿಂದ ತಲೆ ಎತ್ತಿದ ದಾನೀಶ್. ಬೆದರಲಿಲ್ಲ, ಬೈಯಲೂ ಇಲ್ಲ. ಆ ಶಾಂತ ಕಣ್ಣು ನೋಡಿ ಅವಳ ಸಿಟ್ಟು ಇನ್ನೂ ಏರಿತು.

"ಏನ್ ಫೋಟೋರಿ?"

"ಹ್ವಾದ ರಮಜಾನದಾಗ ಕಾರ್ಡ್ ಪ್ರಿಂಟ್ ಮಾಡಸಾಕ ಪೆನ್ ಡ್ರೈವ್ ಇಲ್ಲೇ ಕೊಟ್ಟಿದ್ವಿ! ಈಗ ನೋಡ್ರಿ, ಯಾವನೋ ನಮ್ಮ ಜಮಖಾನ ತನ್ನವು ಅಂತ ಮಾರಾಕತ್ತಾನ!"

"ನಾ ಮಾರೀನಿ ಅಂತ ಖಾತ್ರಿ ಇದ್ರ ಸೀದಾ ಸ್ಟೇಷನ್ನಿಗೆ ಹೋಗ್ರಿ. ಇಲ್ಲಾಂದ್ರ ಕುಂದರ್ರಿ. ನೋಡೂಣು."

ಅವನು ಕುರ್ಚಿಯ ಧೂಳು ಒರೆಸಿದ. ಅವಳು ಕೂರಲಿಲ್ಲ. ಆದರೆ ಹೊರಗೂ ಹೋಗಲಿಲ್ಲ.

ಎರಡು ವರ್ಷದ ಹಿಂದೆ ರೂಬಿನಾ 'ನವಿಲಿನ ಮನೆ ಡಾಟ್ ಇನ್' ಎಂಬ ವೆಬ್‌ಸೈಟ್ ತೆರೆದಿದ್ದಳು. ಅವರ ಓಣಿಯ ಹನ್ನೊಂದು ಹೆಂಗಸರು ಕೈಮಗ್ಗದಲ್ಲಿ ನೇಯ್ದ ಜಮಖಾನಗಳು ಅಲ್ಲಿಂದ ಊರೂರಿಗೆ ಹೋಗುತ್ತಿದ್ದವು. ಈಗ 'ಅಸಲಿ ನವಿಲು' ಎಂಬ ಇನ್ನೊಂದು ಸೈಟು ಅವೇ ಫೋಟೋ ಹಾಕಿಕೊಂಡು, ಮಷೀನಿನಲ್ಲಿ ಪ್ರಿಂಟ್ ಹೊಡೆದ ತೆಳು ಬಟ್ಟೆ ಮಾರುತ್ತಿತ್ತು. ಒಂದೇ ಒಗೆತಕ್ಕೆ ಬಣ್ಣ ಬಿಟ್ಟಿತೆಂದು ಗಿರಾಕಿಗಳು ರೂಬಿನಾಳಿಗೆ ಫೋನ್ ಮಾಡಿ ಬೈಯುತ್ತಿದ್ದರು.

ಅಷ್ಟಾದರೆ ಸಹಿಸಬಹುದಿತ್ತು. ಆದರೆ ಕದ್ದವನೇ ಮೊದಲು ದೂರು ಕೊಟ್ಟಿದ್ದ! ರೂಬಿನಾಳದೇ ನಕಲಿ ಸೈಟು ಎಂದು. ಸೈಟು ನಡೆಸಲು ಜಾಗ ಕೊಟ್ಟ ಕಂಪನಿಯಿಂದ ಆ ದಿನ ಬೆಳಿಗ್ಗೆ ನೋಟಿಸು ಬಂದಿತ್ತು. ಬುಧವಾರ ಸಂಜೆ ಐದರೊಳಗೆ ಸಾಕ್ಷಿ ಕೊಡದಿದ್ದರೆ ಅವಳ ಸೈಟು ಬಂದ್.

ಆ ದಿನ ಸೋಮವಾರ.

"ಫೋಟೋ ಕದಿಯಾಕ ಪೆನ್ ಡ್ರೈವ್ ಯಾಕ ಬೇಕ್ರಿ? ನಿಮ್ಮ ಸೈಟಿನಾಗಿಂದನ ಯಾರ ಬೇಕಾದವ್ರು ಇಳಸ್ಕೋಬಹುದು," ಎಂದ ದಾನೀಶ್, ಪರದೆಯ ಮೇಲೆ 'ಅಸಲಿ ನವಿಲು' ಸೈಟಿನ ಫೋಟೋ ನೋಡುತ್ತ. "ಇದೇನ್ರಿ, ಎಡಗಡಿ ನವಿಲಿನ ಕುತ್ತಿಗಿ ಅರ್ಧ ಹಸಿರು, ಅರ್ಧ ನೀಲಿ?"

"ಹಸಿರು ನೂಲು ತೀರಿತ್ತು. ಅಮ್ಮಿ ಅದನ್ನ ಮಾರಲಿಲ್ಲ. ಮನ್ಯಾಗ ಐತಿ."

"ಹೌದಾ? ಹಂಗಾರ ಕಳ್ಳ ನಿಮ್ಮ ತಪ್ಪನ್ನೂ ಕದ್ದಾನ!" ಅವನ ಮುಖ ಅರಳಿತು. "ಆದ್ರ ಅಷ್ಟ ಸಾಲಂಗಿಲ್ಲ. 'ಅದನ್ನ ನಾವ ನಿಮಗ ಮಾರಿದ್ದು' ಅಂತಾರ ಅವ್ರು. ಮಗ್ಗದ ಮ್ಯಾಲೆ ಅದ ನವಿಲು ಏಳೂದು ವಿಡಿಯೋದಾಗ ಕಾಣಬೇಕು."

ರೂಬಿನಾ ತಲೆ ತಗ್ಗಿಸಿದಳು. "ಮಗ್ಗದ ಮುಂದ ಮೊಬೈಲ್ ಹಿಡಿಯಾಕ ಬಿಡೂದಿಲ್ಲ. ನನಗ ಹತ್ರ ಹೋಗಾಕೂ ಬಿಡೂದಿಲ್ಲ."

"ಗೊತ್ತೈತಿ. ನಿಮಗ ನೇಯ್ದು ಕೊಡೂ ಮುಮತಾಜ್ ನಮ್ಮ ಅಮ್ಮಿ."

ಅಯ್ಯೋ! ದಿನಾ ಬಾಯಿ ತುಂಬ 'ಚಾಚಿ' ಎಂದು ಕರೆಯುವವಳ ಮಗನನ್ನು ಹತ್ತು ಜನರೆದುರು ಕಳ್ಳ ಎಂದೆನೇ ನಾನು? ರೂಬಿನಾಳಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಈ ಸಲ ಸುಮ್ಮನೆ ಕುರ್ಚಿಯಲ್ಲಿ ಕೂತಳು.

ಅವರ ಓಣಿಯ ರೂಢಿ ಹಾಗಿತ್ತು. ನೇಯ್ಗೆಯ ಗುಟ್ಟನ್ನು ಮಗಳಿಗೆ ಕಲಿಸುವಂತಿಲ್ಲ. ಅವಳು ನಾಳೆ ಮದುವೆಯಾಗಿ ಹೋಗುವವಳು, ವಿದ್ಯೆಯನ್ನೂ ಕಟ್ಟಿಕೊಂಡು ಹೋದಾಳೆಂಬ ಭಯ. ಕಲಿಸುವುದು ಸೊಸೆಗೆ ಮಾತ್ರ. ಹೀಗಾಗಿ ಜಮಖಾನಗಳ ನಡುವೆಯೇ ಬೆಳೆದ ರೂಬಿನಾಳಿಗೆ ಒಂದು ಎಳೆ ದಾಟಿಸಲೂ ಬರುತ್ತಿರಲಿಲ್ಲ. ವೆಬ್‌ಸೈಟ್ ಮಾಡಿದ್ದೇ ಆ ಹಟಕ್ಕೆ.

ಮಂಗಳವಾರ ಇಬ್ಬರೂ ಹಳೆಯ ಬಿಲ್ಲು, ಪಾರ್ಸೆಲ್ ಚೀಟಿ, ಗಿರಾಕಿಗಳ ಮೆಸೇಜು ಎಲ್ಲ ಒಟ್ಟು ಮಾಡಿದರು. ಅವಳು ಹೇಳುತ್ತಿದ್ದಳು, ಅವನು ಟೈಪ್ ಮಾಡುತ್ತಿದ್ದ. ನಡುವೆ ಒಮ್ಮೆ, "ಮುಂಜಾನಿಂದ ಏನೂ ತಿಂದಿಲ್ಲೇನ್ರಿ? ಮುಖ ಬಾಡೇತಿ," ಎಂದ.

ಇದನ್ನೆಲ್ಲ ಯಾಕೆ ಗಮನಿಸುತ್ತಾನೆ ಇವನು? ಅವಳ ಎದೆ ಸುಮ್ಮನೆ ಡವಗುಟ್ಟಿತು. ಛೇ... ಸೈಟು ಮುಚ್ಚುವ ಹೊತ್ತಿನಲ್ಲಿ ಇದೇನು ಹುಚ್ಚು!

ಅವನು ಮಿರ್ಚಿ ತರಲು ಹೋದಾಗ ಪ್ರಿಂಟರಿನಿಂದ ಒಂದೊಂದೇ ಹಾಳೆ ಬೀಳುತ್ತಿತ್ತು. ಜೋಡಿಸಿಡಲು ಎತ್ತಿಕೊಂಡ ರೂಬಿನಾ ಕೊನೆಯ ಹಾಳೆ ನೋಡಿ ಕಲ್ಲಾದಳು.

ನವಿಲಿನ ಮನೆ ಡಾಟ್ ಕಾಮ್. ಖರೀದಿಸಿದವರು... ದಾನೀಶ್!

ತನ್ನದೇ ಹೆಸರು. ಇನ್ ಬದಲು ಕಾಮ್. ಒಂದು ಕಳ್ಳ ಸೈಟು ಸಾಲದೆಂದು ಇನ್ನೊಂದು!

ಮಿರ್ಚಿ ಪೊಟ್ಟಣ ಹಿಡಿದು ಒಳಗೆ ಬಂದವನ ಮುಂದೆ ಹಾಳೆ ಬೀಸಿದಳು. "ಇದಕ್ಕೇನು ನಿಮ್ಮ ಸಹಾಯ? ಕಳ್ಳನ ಕೈಯಾಗ ಕೀಲಿ ಕೊಟ್ಟ ಹುಚ್ಚಿ ನಾನು!"

"ರೂಬಿನಾ, ಒಂದ್ ನಿಮಿಷ ಕೇಳ್ರಿ..."

"ಸಾಕು! ಬಾಯಿ ಮುಚ್ರಿ!"

ಕಾಗದಗಳನ್ನೆಲ್ಲ ಬಾಚಿಕೊಂಡು ಓಡಿದಳು. ದಾರಿಯಲ್ಲೇ ಅವನ ನಂಬರ್ ಬ್ಲಾಕ್ ಮಾಡಿದಳು. ನೋವು ಸೈಟಿನದೋ, ಅವನದೋ... ಅವಳಿಗೇ ತಿಳಿಯಲಿಲ್ಲ.

ಬುಧವಾರ ಬೆಳಿಗ್ಗೆ ತಾಯಿ ಶಮೀಮಾಬಿ ಮಗ್ಗದಿಂದ ಎದ್ದು ಬಂದಳು. ಮಗಳ ಕಣ್ಣು ಊದಿತ್ತು. ಕೇಳಿದ್ದಕ್ಕೆ ಎಲ್ಲವೂ ಹೊರಬಿತ್ತು.

ಪೂರ್ತಿ ಕೇಳಿಸಿಕೊಂಡ ಶಮೀಮಾಬಿ ಕೇಳಿದ್ದು ಒಂದೇ ಮಾತು. "ಅವ ತಗೊಂಡ ಹೆಸರು ಒತ್ತಿದ್ರ ಏನ್ ಕಾಣತೈತಿ? ನೋಡೀಯೇನು?"

ನೋಡಿರಲಿಲ್ಲ! ರೂಬಿನಾ ಕೂಡಲೇ ಟೈಪ್ ಮಾಡಿದಳು. ಪುಟ ತೆರೆಯಿತು. ಮೇಲೆ ಅರ್ಧ ನೀಲಿ ಕುತ್ತಿಗೆಯ ನವಿಲು. ಕೆಳಗೆ ಅವಳದೇ ಫೋನ್ ನಂಬರ್...

ಕಾಮ್ ಒತ್ತಿದರೂ ತೆರೆದದ್ದು ಅವಳದೇ ಸೈಟು. ಬೇರೆ ಯಾರೂ ಆ ಹೆಸರು ಹಾರಿಸದಂತೆ ಅವನು ಅದನ್ನು ಕೊಂಡು ಅವಳ ಬಾಗಿಲಿಗೇ ತಂದು ಜೋಡಿಸಿದ್ದ. ಹಾಳೆಯ ಮೇಲಿನ ತಾರೀಖು ಸೋಮವಾರದ್ದು. ಅವಳು ಅವನನ್ನು ಕಳ್ಳ ಎಂದ ದಿನ!

"ಅಮ್ಮಿ... ನಾ ಏನ್ ಮಾಡಿಬಿಟ್ಟೆ!"

ಮಗಳ ಅಳು ಶಮೀಮಾಬಿಗೆ ತಡೆಯಲಾಗಲಿಲ್ಲ. ಮಗ್ಗದ ಕಡೆ ತಿರುಗಿದಳು. "ಗುಟ್ಟು ಗುಟ್ಟು ಅಂತ ಮುಚ್ಚಿಟ್ಟು, ಈಗ ನಮ್ದು ಅನ್ನಾಕ ಒಂದು ಸಾಕ್ಷಿ ಇಲ್ಲದಂಗಾತು. ಹೋಗು, ಆ ನೀಲಿ ಕುತ್ತಿಗಿ ಜಮಖಾನ ತಂದು ಬಾಜು ಹಾಸು. ಮೊಬೈಲ್ ನೀನ ಹಿಡಿ. ಎಳಿ ಲೆಕ್ಕ ಕಾಣದಂಗ ದೂರದಿಂದ ಹಿಡಿ, ಮತ್ತ!"

ಹುಟ್ಟಿದಾಗಿನಿಂದ ಮೊದಲ ಸಲ ರೂಬಿನಾ ಮಗ್ಗದ ಮುಂದೆ ನಿಂತಳು. ತಾಯಿಯ ಬೆರಳುಗಳ ಕೆಳಗೆ ನವಿಲು ಸಾಲು ಸಾಲಾಗಿ ಮೇಲೇಳುತ್ತಿತ್ತು.

ವಿಡಿಯೋ ಮುಗಿಸಿ ಅವಳು ಅಂಗಡಿ ಮುಟ್ಟಿದಾಗ ನಾಲ್ಕು ಗಂಟೆ ದಾಟಿತ್ತು. ದಾನೀಶ್ ಅವಳ ಕೈಯಿಂದ ಮೊಬೈಲ್ ತೆಗೆದುಕೊಂಡು ವೈರು ಸಿಕ್ಕಿಸಿದ. ವಿಡಿಯೋ ಏರುತ್ತಿತ್ತು. ನಲವತ್ತು... ಅರವತ್ತು... ಕರೆಂಟ್ ಹೋಯಿತು! ಅವನು ತನ್ನ ಮೊಬೈಲಿನ ನೆಟ್ ಅವಳ ಮೊಬೈಲಿಗೆ ಹಚ್ಚಿ ಅಲ್ಲಿಂದಲೇ ಮತ್ತೆ ಮೊದಲಿನಿಂದ ಶುರು ಮಾಡಿದ. ಐದಕ್ಕೆ ಆರು ನಿಮಿಷ ಇರುವಾಗ 'ಕಳಿಸಲಾಗಿದೆ' ಎಂದು ಬಂತು.

ಅವಳು 'ಕಾಮ್' ಹಾಳೆಯನ್ನು ಅವನ ಮುಂದಿಟ್ಟಳು. "ಸೋಮವಾರನ ಯಾಕ ಹೇಳಲಿಲ್ರಿ?"

"ನಿಮ್ಮ ಹೆಸರಿಲೆ ಕೊಳ್ಳಾಕ ನಿಮ್ಮ ಕಾಗದ ಕೇಳ್ಬೇಕಿತ್ತು. ಕಳ್ಳ ಅಂದಾಕಿ ಕೊಡ್ತಿದ್ಲೇನು?" ಅವನ ದನಿಯಲ್ಲಿ ನೋವಿತ್ತು. "ಬಿಟ್ರ ಆ ಹೆಸರೂ ಅವರ ಪಾಲಾಗ್ತಿತ್ತು. ಕೆಲಸ ಮುಗದ ಮ್ಯಾಲೆ ನಿಮಗ ಬರಕೊಡೂಣು ಅಂತ ಆ ಹಾಳಿ ತಗದಿದ್ದೆ."

"ತಪ್ಪಾತು. ಎರಡ ಸಲ ತಪ್ಪಾತು." ಅವಳು ಅಳುತ್ತಲೇ ಹೇಳಿದಳು.

ಶುಕ್ರವಾರ ಕಂಪನಿಯ ಉತ್ತರ ಬಂತು, ರೂಬಿನಾಳ ಸೈಟು ಉಳಿಯಿತು. 'ಅಸಲಿ ನವಿಲು' ಒತ್ತಿದರೆ ಬರೀ ಬಿಳಿ ಪುಟ! ಓಣಿಗೆ ಸುದ್ದಿ ಹೇಳುವ ಮೊದಲೇ ರೂಬಿನಾ ಅಂಗಡಿಗೆ ಓಡಿ ಬಂದಿದ್ದಳು.

ದಾನೀಶ್ ನಗುತ್ತ ಒಂದು ಕಾಗದ ಮುಂದಿಟ್ಟ. "ಇಲ್ಲಿ ಸಹಿ ಮಾಡ್ರಿ. ಕಾಮ್ ಸೈತ ನಿಮ್ಮ ಹೆಸರಿಗೆ ಆಗತೈತಿ."

ಅವಳು ಕಾಗದವನ್ನು ಹಿಂದಕ್ಕೆ ಸರಿಸಿದಳು. "ಬ್ಯಾಡ. ಅದು ನಿಮ್ಮ ಹೆಸರಿಲೇ ಇರ್ಲಿ. ಹ್ಯಾಂಗೂ ಎರಡೂ ತಗಿಯೂದು ಒಂದ ಮನಿ ಅಲ್ಲೇನ್ರಿ?"

ಅವನ ನಗು ನಿಂತಿತು. ಕಿವಿ ಕೆಂಪಾದವು.

"ರೂಬಿನಾ... ನಮ್ಮ ಅಮ್ಮಿ ಒಂದ್ ಮಾತು ಕೇಳಾಕ ಹೇಳ್ಯಾಳ. ತನ್ನ ಮಗ್ಗದ ಬಾಜು ಕುಂದರಾಕ ಬರ್ತಿಯೇನು, ಕಲಿಸ್ತೀನಿ ಅಂತ."

"ಅದನ್ನ ಸೊಸಿಗೆ ಅಷ್ಟ ಕಲಿಸೂದು..."

"ಗೊತ್ತೈತಿ. ಗೊತ್ತಿದ್ದ ಕೇಳಾಕತ್ತೀನಿ."

ರೂಬಿನಾ ದುಪಟ್ಟಾದ ಅಂಚಿನಿಂದ ಕಣ್ಣೊರೆಸಿಕೊಂಡಳು. ಬಾಗಿಲವರೆಗೆ ಹೋಗಿ ತಿರುಗಿ ನಿಂತಳು.

"ಹಸಿರು ನೂಲು ಹೆಚ್ಚಿಗಿ ತಂದಿಡಾಕ ಹೇಳ್ರಿ, ಚಾಚಿಗೆ."