ಆಟದ ಪಿರಿಯಡ್

"ನನ್ನ ಮಕ್ಕಳನ್ನು ಕದ್ದುಕೊಂಡು ಹೋಗ್ಲಿಕ್ಕೆ ನಿಮಗೆ ನಾಚಿಕೆ ಆಗುವುದಿಲ್ವಾ ಟೀಚರ್?"

ಕೊರಳಿಗೆ ವಿಶಲ್ ನೇತುಹಾಕಿಕೊಂಡು ಬಾಗಿಲಿಗೆ ಅಡ್ಡ ನಿಂತವನು ತಾರಾನಾಥ, ಪರ್ಕಳದ ಆ ಶಾಲೆಯ ಪಿ.ಟಿ. ಮಾಸ್ಟ್ರು. ಒಳಗೆ ಚಾಕ್‌ಪೀಸ್ ಹಿಡಿದಿದ್ದ ಅನ್ನಪೂರ್ಣಳಿಗೆ ಮೈಯೆಲ್ಲ ಉರಿದುಹೋಯಿತು. ಸಿಟ್ಟು ಬಂದರೆ ಅವಳ ಬಾಯಲ್ಲಿ ಅಪ್ಪನ ಊರಿನ ಮಾತೇ.

"ಕದಿಯಾಕ ಇವೇನು ನಿಮ್ಮ ಮನೀ ಕೋಳಿ ಏನ್ರೀ? ಲೆಕ್ಕ ಬರದ ಮಕ್ಕಳು. ಕಲಿಸಾಕತ್ತೀನಿ."

"ಅದಕ್ಕೆ ಆಟದ ಪಿರಿಯಡ್ಡೇ ಬೇಕಾ? ಡ್ರಾಯಿಂಗ್ ಪಿರಿಯಡ್ ಇಲ್ವಾ?"

"ಹೆಡ್‌ಮಾಸ್ತರು ಕೊಟ್ಟದ್ದು ಇದನ್ನ. ಅವರ ಕಿವ್ಯಾಗ ಹೋಗಿ ಸೀಟಿ ಊದ್ರಿ."

ಅನ್ನಪೂರ್ಣಳ ಅಪ್ಪ ಬಾಗಲಕೋಟೆಯ ಕಡೆಯಿಂದ ಕಟ್ಟಡದ ಗೌಂಡಿ ಕೆಲಸಕ್ಕೆ ಬಂದು ಇಲ್ಲಿಯೇ ನೆಲೆನಿಂತವನು. ಟಿ.ಸಿ.ಎಚ್. ಶಿಕ್ಷಕ ತರಬೇತಿ ಮುಗಿಸಿದ ಮಗಳಿಗೆ ಎರಡು ಸಾವಿರದ ಮೂರರಲ್ಲಿ ಸಿಕ್ಕಿದ್ದು ಗೌರವ ಶಿಕ್ಷಕಿಯ ಕೆಲಸ. ಅದೇ ಕಡೆಯಿಂದ ಬಂದು ಮಣಿಪಾಲದ ಕಟ್ಟಡಗಳಲ್ಲಿ ದುಡಿಯುವವರ ಮಕ್ಕಳಲ್ಲಿ, ನಾಲ್ಕನೇ ಕ್ಲಾಸಿಗೆ ಬಂದರೂ ಕಳೆಯುವ ಲೆಕ್ಕ ಬಾರದವರಿಗೆ ಬೇರೆಯಾಗಿ ಪಾಠ ಮಾಡಬೇಕು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಇವರು ಪಾಸಾಗದಿದ್ದರೆ ಪಾಠವೂ ಇಲ್ಲ, ಕೆಲಸವೂ ಇಲ್ಲ ಎಂದು ಶಾಲೆಯ ಸಂಚಾಲಕರು ಕಡ್ಡಿ ಮುರಿದಂತೆ ಹೇಳಿದ್ದರು.

ಮಕ್ಕಳೋ, ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದವು. ಬೆಳಿಗ್ಗೆ ಮೈದಾನದಲ್ಲಿ ಊರೇ ಕೇಳುವಂತೆ ಕಿರುಚಿ ಕಬಡ್ಡಿ ಆಡುವ ರಾಚವ್ವ, ಬೋರ್ಡು ಕಂಡೊಡನೆ ಲಂಗದ ತುದಿ ಕಚ್ಚಿಕೊಳ್ಳುತ್ತಿದ್ದಳು.

ಮರುದಿನ ತಾರಾನಾಥ ಒಳಗೇ ಬಂದು ಹಿಂದಿನ ಬೆಂಚಿನಲ್ಲಿ ಕಾಲು ಚಾಚಿ ಕುಳಿತ.

"ಒಳ್ಳೆ ಆಟಗಾರರೆಲ್ಲ ಇಲ್ಲೇ ಇದ್ದಾರಲ್ಲ, ಮೈದಾನದಲ್ಲಿ ನನಗೆ ಎಂತ ಕೆಲಸ ಉಂಟು? ನಾನೂ ಲೆಕ್ಕ ಕಲೀತೇನೆ."

ಹೇಳುವಾಗ ಒಂದು ಹುಬ್ಬು ಮೇಲೆ ಹೋಯಿತು. ಆ ಹುಬ್ಬನ್ನು ಕಂಡರೇ ಅವಳಿಗೆ ಆಗುತ್ತಿರಲಿಲ್ಲ.

"ಬರ್ರಿ ಹಂಗಾರ," ಎಂದು ಚಾಕ್ ಅವನ ಕೈಗೆ ಕುಕ್ಕಿದಳು. ಐವತ್ತೆರಡರಲ್ಲಿ ಮೂವತ್ತೇಳು ಕಳೆಯಬೇಕು.

ಅವನು ಠೀವಿಯಿಂದ ಉತ್ತರ ಬರೆದ: ಇಪ್ಪತ್ತೈದು.

ತಟ್ಟನೆ ಮುಂದಿನ ಸಾಲಿನಿಂದ ಒಂದು ಕೂಗು.

"ತಪ್ಪೈತ್ರೀ ಸರ! ಎರಡರಾಗ ಏಳು ಹೋಗಂಗಿಲ್ಲ. ಬಾಜೂ ಮನ್ಯಾಗಿಂದ ಹತ್ತು ತರಬೇಕ್ರಿ!"

ರಾಚವ್ವ! ಅವಳೇ ಓಡಿ ಬಂದು, ಅವನು ಬರೆದದ್ದನ್ನು ಅಂಗೈಯಿಂದ ಒರೆಸಿ ಹದಿನೈದು ಎಂದು ಬರೆದಳು. ಮಕ್ಕಳೆಲ್ಲ ಹೋ ಎಂದು ನಕ್ಕವು. ತಾರಾನಾಥನ ಕಿವಿ ಕೆಂಪಾಯಿತು. ಅನ್ನಪೂರ್ಣಳಿಗೆ ಖುಷಿಯಾಗಬೇಕಿತ್ತು, ಆದದ್ದು ಹೊಟ್ಟೆಯುರಿ. ಜೂನಿನಿಂದ ಗಂಟಲು ಹರಿದುಕೊಂಡರೂ ತನಗೆ ಬಾಯಿಬಿಡದ ಹುಡುಗಿ ಈ ಸೀಟಿಯವನಿಗೆ ಬಾಯಿಬಿಟ್ಟಳಲ್ಲ!

ಅವನು ಮತ್ತೆ ಬಂದ. ಬರುತ್ತಲೇ ಇದ್ದ. ದಿನಕ್ಕೊಂದು ತಪ್ಪು ಬರೆಯುತ್ತಿದ್ದ, ತಿದ್ದಲು ಮಕ್ಕಳ ನೂಕುನುಗ್ಗಲು. ಅನ್ನಪೂರ್ಣ ಬೈಯುತ್ತಲೇ ಇದ್ದಳು. ಬೈಸಿಕೊಳ್ಳುವಾಗ ಅವನು ತುಟಿ ಕಚ್ಚಿ ನಗು ತಡೆಯುವುದನ್ನು ನೋಡುತ್ತಲೂ ಇದ್ದಳು. ಒಮ್ಮೆ ಅವನು ತಡಮಾಡಿದಾಗ ಬಾಗಿಲ ಕಡೆ ನೋಡಿ ನೋಡಿ ಕುತ್ತಿಗೆಯೇ ನೋಯಿತು. ಬಂದ ಮೇಲೆ ಅದಕ್ಕೂ ಬೈದಳು.

ಪರೀಕ್ಷೆಯ ಹಿಂದಿನ ದಿನ, ಮಕ್ಕಳು ಹೋದ ಮೇಲೆ, ಕೇಳಿಯೇಬಿಟ್ಟಳು.

"ಬೇಕಂತಲೇ ತಪ್ಪು ಬರೀತೀರಿ, ಹೌದಿಲ್ಲೋ? ನನ್ನ ಕ್ಲಾಸು ನಿಮಗ ನಾಟಕ ಆಗೇತೇನು?"

ಅವನ ನಗು ಇಳಿಯಿತು. "ಮೊದಲ ದಿನ ನಿಜವಾಗಿ ತಪ್ಪಿದ್ದು. ಮಕ್ಕಳ ಎದುರು ಮರ್ಯಾದೆ ಹೋಯ್ತು, ಇನ್ನು ಈ ಕಡೆ ತಲೆ ಹಾಕುವುದಿಲ್ಲ ಅಂತ ಇದ್ದೆ. ಸಂಜೆ ಆ ರಾಚವ್ವ ಹಿಂದೆಯೇ ಓಡಿ ಬಂದಳು. 'ಸರ, ನಾಳೆನೂ ಬರ್ರಿ, ನಾ ಹೇಳಿಕೊಡ್ತೀನಿ' ಅಂದಳು. ಹೇಗೆ ಬಾರದೆ ಇರುವುದು, ನೀವೇ ಹೇಳಿ."

"ಇಷ್ಟು ದಿನ ನನಗ್ಯಾಕ ಹೇಳಲಿಲ್ಲ?"

"ಬಾಯಿ ತೆಗೀಲಿಕ್ಕೆ ನೀವು ಎಲ್ಲಿ ಬಿಟ್ಟಿರಿ?"

ಮಕ್ಕಳು ಪಾಸಾದವು, ಎಲ್ಲವೂ. ಸಂಚಾಲಕರು ಅನ್ನಪೂರ್ಣಳ ಕೆಲಸ ಉಳಿಸಿದ್ದಲ್ಲದೆ, ಆಟದ ಪಿರಿಯಡ್ಡನ್ನು ಆಟಕ್ಕೇ ಬಿಟ್ಟು ಅವಳಿಗೆ ಬೇರೆ ಹೊತ್ತು ಗೊತ್ತುಮಾಡಿದರು. ಅದನ್ನು ಹೇಳಲು ಮೈದಾನಕ್ಕೆ ನಡೆದವಳಿಗೆ ಹೆಜ್ಜೆಹೆಜ್ಜೆಗೂ ಸಿಟ್ಟು ಏರುತ್ತಿತ್ತು. ಯಾಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇನ್ನು ಅವನು ಬರುವುದಿಲ್ಲ.

"ತಗೋರಿ ನಿಮ್ಮ ಪಿರಿಯಡ್. ಇನ್ನ ನನ್ನ ಕ್ಲಾಸಿಗೆ ಬರೋ ಕೆಲಸ ಇಲ್ಲ ನಿಮಗ."

"ನನಗೆ ಬೇಡ."

"ಬೇಕಂತ ಹಗಲೆಲ್ಲ ಜಗಳಾ ತಗದವರು ಯಾರ್ರೀ?"

"ನಾನೇ! ಆಗ ನೀವು ಒಮ್ಮೆ ಇಲ್ಲಿಂದ ಹೋದರೆ ಸಾಕು ಅಂತ ಇತ್ತು." ಅವನ ದನಿ ಜಗಳಕ್ಕೆ ಏರುವಂತೆಯೇ ಏರಿತು. "ಆಮೇಲೆ ನೀವು ಎಲ್ಲಿ ಹೋಗಿಬಿಡ್ತೀರೋ ಅಂತ ಪರೀಕ್ಷೆ ಮುಗಿಯುವವರೆಗೆ ನನಗೆ ನಿದ್ದೆ ಇಲ್ಲ ಮಾರಾಯ್ರೆ. ಮಕ್ಕಳಿಗಾಗಿ ನಿಮ್ಮ ಕ್ಲಾಸಿಗೆ ಹೋಗ್ತೇನೆ ಅಂತ ಎಲ್ಲರ ಹತ್ರ ಹೇಳಿದೆ. ಅರ್ಧ ಸುಳ್ಳು."

ಎಷ್ಟು ಹುಡುಕಿದರೂ ಅವಳಿಗೆ ಒಂದು ಬೈಗುಳ ಸಿಗಲಿಲ್ಲ.

"ಹಿಂಗ ನನ್ನ ಮುಂದ ಒದರಿದ್ರ ಏನು ಬಂತು?" ಎಂದಳು ಕೊನೆಗೆ. "ಐತವಾರ ಮನಿಗೆ ಬಂದು ನಮ್ಮ ಅಪ್ಪನ ಮುಂದ ಹೇಳ್ರಿ."

"ಬೈತಾರಾ?"

"ಬೈತಾರ. ನಾನೂ ಬೈತೀನಿ." ತಡೆದರೂ ನಗು ಬಂದೇಬಿಟ್ಟಿತು. "ಆದ್ರೂ ಬರ್ರಿ."